ಕ್ಲಚ್ ವೈರ್ ಬಿಗಿ ಮಾಡುವ ಮುಂಚೆ

ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೆ. 100 ಸಿಸಿ ಗಾಡಿ. ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಒಂದು ಬ್ಯಾಗ್. ನಾಲ್ಕನೇ ತಿರುವಿನ ಹೊತ್ತಿಗೆ ಎಂಜಿನ್ ಸದ್ದು ಬದಲಾಯಿತು. ಆಕ್ಸಲರೇಟರ್ ತಿರುವಿದಷ್ಟೂ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ. ಇನ್ನೆರಡು ತಿರುವು ಹೋಗುವಷ್ಟರಲ್ಲಿ ಸುಟ್ಟ ಎಣ್ಣೆಯ ವಾಸನೆ ಬಂತು. ಅಗಲವಾದ ಜಾಗ ನೋಡಿ ನಿಲ್ಲಿಸಿದೆ.

ಕಾರಣ ನಾನೇ. ಮೂರು ದಿನದ ಹಿಂದೆ ಮನೆಯಲ್ಲಿ ಕೂತು ಕ್ಲಚ್ ವೈರ್ ಅಡ್ಜಸ್ಟ್ ಮಾಡಿದ್ದೆ. ಲಿವರ್ ತುದಿ ಸ್ವಲ್ಪ ಅಲ್ಲಾಡುತ್ತಿತ್ತು, ಈ ಸಡಿಲಿಗೇ ಪ್ಲೇ ಅನ್ನುತ್ತಾರೆ. ಅದೇ ದೋಷ ಅಂದುಕೊಂಡು, ಒಂದಿಷ್ಟೂ ಅಲ್ಲಾಡದ ಹಾಗೆ ಬಿಗಿ ಮಾಡಿದ್ದೆ. ಊರೊಳಗೆ ಓಡಾಡುವಾಗ ಏನೂ ಗೊತ್ತಾಗಲಿಲ್ಲ. ಘಾಟಿಯಲ್ಲಿ ಇಬ್ಬರ ಭಾರ ಬಿದ್ದಾಗ ಗೊತ್ತಾಯಿತು. ಅಲ್ಲೇ ಅಡ್ಜಸ್ಟರ್ ಸಡಿಲ ಮಾಡಿ, ಎಂಜಿನ್ ತಣ್ಣಗಾಗಲು ಅರ್ಧ ಗಂಟೆ ಬಿಟ್ಟು, ನಿಧಾನವಾಗಿ ಮೇಲೆ ಹತ್ತಿದೆವು. ತೀರ್ಥಹಳ್ಳಿಯ ಮೆಕ್ಯಾನಿಕ್ ಲಿವರ್ ಒಂದು ಸಲ ಮುಟ್ಟಿ ನೋಡಿ ಹೇಳಿದ್ದು ಇಷ್ಟೇ: "ಪ್ಲೇ ಕೊಡದೆ ಓಡಿಸಿದ್ರೆ ಪ್ಲೇಟ್ ಉಳಿಯೋದಿಲ್ಲ ಮಾರಾಯ್ರೆ." ಪ್ಲೇಟ್ ಉಳಿಯಲಿಲ್ಲ. ಇಡೀ ಸೆಟ್ ಬದಲಾಯಿಸಬೇಕಾಯಿತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕ್ಲಚ್ ತೊಂದರೆ ಬಂದಾಗ ನಾವೆಲ್ಲ ಮೊದಲು ಮಾಡುವ ಕೆಲಸ ವೈರ್ ಬಿಗಿ ಮಾಡುವುದು. ಎಷ್ಟೋ ಸಲ ಬೇಕಾಗಿರುವುದು ಅದರ ಉಲ್ಟಾ. ಇನ್ನು ಕೆಲವು ಸಲ ತೊಂದರೆ ವೈರಿನಲ್ಲೇ ಇರುವುದಿಲ್ಲ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮುಂಚೆ ಐದು ನಿಮಿಷ ಪರೀಕ್ಷೆ ಮಾಡಿ.

ಪ್ಲೇ ಯಾಕೆ ಬೇಕು

ಕ್ಲಚ್ ಕೆಲಸ ಮಾಡುವ ರೀತಿ ಸ್ವಲ್ಪ ತಲೆಕೆಳಗು. ನೀವು ಲಿವರ್ ಬಿಟ್ಟಾಗ ಕ್ಲಚ್ ಹಿಡಿದಿರುತ್ತದೆ. ನೀವು ಹಿಡಿದಾಗ ಅದು ಬಿಡುತ್ತದೆ. ಒಳಗೆ ಪ್ಲೇಟ್‌ಗಳು ಒಂದರ ಮೇಲೊಂದು ಜೋಡಿಸಿರುತ್ತವೆ. ಒಂದು ಘರ್ಷಣೆಯ ಪ್ಲೇಟ್, ಒಂದು ಉಕ್ಕಿನ ಪ್ಲೇಟ್, ಹೀಗೆ. ಸ್ಪ್ರಿಂಗ್‌ಗಳು ಅವನ್ನೆಲ್ಲ ಒತ್ತಿ ಹಿಡಿದಿರುತ್ತವೆ. ಆಗ ಎಂಜಿನ್ ಶಕ್ತಿ ಗೇರಿಗೆ, ಅಲ್ಲಿಂದ ಚಕ್ರಕ್ಕೆ ಹೋಗುತ್ತದೆ. ಲಿವರ್ ಎಳೆದರೆ ವೈರ್ ಕೆಳಗಿನ ಒಂದು ಚಿಕ್ಕ ತೋಳನ್ನು ಎಳೆಯುತ್ತದೆ, ಆ ತೋಳು ಸ್ಪ್ರಿಂಗ್ ಒತ್ತಡವನ್ನು ಪ್ಲೇಟ್‌ಗಳ ಮೇಲಿಂದ ತೆಗೆಯುತ್ತದೆ.

ವೈರ್ ತೀರ ಬಿಗಿಯಾಗಿದ್ದರೆ ಏನಾಗುತ್ತದೆ ನೋಡಿ. ನೀವು ಲಿವರ್ ಮುಟ್ಟದೆ ಇದ್ದರೂ ವೈರ್ ಆ ತೋಳನ್ನು ಸ್ವಲ್ಪ ಎಳೆದೇ ಇರುತ್ತದೆ. ಅಂದರೆ ಗಾಡಿ ಸದಾ ಹಾಫ್ ಕ್ಲಚ್‌ನಲ್ಲಿ ಓಡುತ್ತಿದೆ ಅಂತ ಅರ್ಥ. ಪ್ಲೇಟ್ ಪೂರ್ತಿ ಹಿಡಿಯುವುದಿಲ್ಲ, ಜಾರುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ.

ಇಲ್ಲಿ ಇನ್ನೊಂದು ವಿಷಯ ಇದೆ. ಇದು ನನಗೆ ಗೊತ್ತಾಗಿದ್ದು ತುಂಬ ತಡವಾಗಿ. ವೈರ್ ಹಳೆಯದಾದ ಹಾಗೆ ಹಿಗ್ಗುತ್ತದೆ, ಹಾಗಾಗಿ ಪ್ಲೇ ಜಾಸ್ತಿಯಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಕ್ಲಚ್ ಪ್ಲೇಟ್ ಸವೆದ ಹಾಗೆ ಪ್ಲೇ ಕಮ್ಮಿಯಾಗುತ್ತದೆ. ಪ್ಲೇಟ್‌ಗಳ ರಾಶಿ ತೆಳುವಾಗಿ, ಅದನ್ನು ಒತ್ತುವ ಭಾಗ ಒಳಕ್ಕೆ ಸರಿದು, ಪುಶ್ ರಾಡ್‌ಗೆ (ಆ ಚಿಕ್ಕ ತೋಳು ತಳ್ಳುವ ಕಡ್ಡಿಗೆ) ಹತ್ತಿರ ಬರುವುದು ಇದಕ್ಕೆ ಕಾರಣ. ಎರಡೂ ಒಟ್ಟಿಗೆ ನಡೆಯುತ್ತಿರುತ್ತವೆ. ನೀವು ಏನೂ ಮುಟ್ಟದೆ ಇದ್ದರೂ ಪ್ಲೇ ತಾನಾಗಿಯೇ ಕಮ್ಮಿಯಾಗುತ್ತಾ ಬರುತ್ತಿದ್ದರೆ, ಒಳಗೆ ಪ್ಲೇಟ್ ಸವೆಯುತ್ತಿದೆ ಅಂತಲೇ ತಿಳಿಯಿರಿ.

ಮೊದಲು ಅಳೆಯಿರಿ

ಎಂಜಿನ್ ತಣ್ಣಗಿರಲಿ, ಆಫ್ ಇರಲಿ. ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ಒಳ್ಳೆಯ ಹೊತ್ತು. ಡಬಲ್ ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ನೇರ ಇಡಿ. ಈಗ ಒಂದೇ ಬೆರಳಿನಿಂದ ಕ್ಲಚ್ ಲಿವರ್ ತುದಿಯನ್ನು ಮೆಲ್ಲಗೆ ಎಳೆಯಿರಿ. ಸ್ವಲ್ಪ ದೂರ ಸಲೀಸಾಗಿ ಬರುತ್ತದೆ, ಆಮೇಲೆ ಗಟ್ಟಿ ಹತ್ತುತ್ತದೆ. ಆ ಸಲೀಸಾದ ದೂರವೇ ಪ್ಲೇ. ನಮ್ಮಲ್ಲಿ ಓಡುವ ಬಹುಪಾಲು 100-125 ಸಿಸಿ ಗಾಡಿಗಳಿಗೆ ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಇರಬೇಕು. ಸ್ಕೇಲ್ ಇಲ್ಲದಿದ್ದರೆ ನಿಮ್ಮ ಕಿರುಬೆರಳಿನ ಅಗಲ ಅಂದುಕೊಳ್ಳಿ. ಕೆಲವು ಕಂಪನಿಗಳು ತುದಿಯಲ್ಲಿ ಅಳೆಯದೆ ಲಿವರ್ ಬುಡದಲ್ಲಿ, ಅಂದರೆ ಲಿವರ್ ಮತ್ತು ಅದರ ಹೋಲ್ಡರ್ ನಡುವಿನ ಸಂದಿಯಲ್ಲಿ ಅಳೆಯಲು ಹೇಳುತ್ತವೆ. ಅಲ್ಲಿ 2-3 ಮಿ.ಮೀ. ಇದ್ದರೆ ಸಾಕು. ಈ ಎರಡು ಅಳತೆಗಳನ್ನು ಗೊಂದಲ ಮಾಡಿಕೊಳ್ಳಬೇಡಿ. ಗಾಡಿ ಜೊತೆ ಬಂದ ಪುಸ್ತಕದಲ್ಲಿ ನಿಮ್ಮ ಮಾಡೆಲ್‌ನ ಅಳತೆ ಇರುತ್ತದೆ, ಅದೇ ಕೊನೆಯ ಮಾತು.

ಇನ್ನೊಂದು ಸಣ್ಣ ಪರೀಕ್ಷೆಯನ್ನು ಬಿಡಬೇಡಿ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ಪ್ಲೇ ನೋಡಿ. ಮೂರೂ ಕಡೆ ಹೆಚ್ಚು ಕಮ್ಮಿ ಒಂದೇ ಇರಬೇಕು. ಒಂದು ಕಡೆ ತಿರುಗಿಸಿದಾಗ ಬಿಗಿಯಾದರೆ ವೈರ್ ಹೋಗುವ ದಾರಿ ಸರಿಯಿಲ್ಲ. ಎಲ್ಲೋ ಸಿಕ್ಕಿಕೊಂಡಿದೆ, ಇಲ್ಲ ಕ್ಲಿಪ್‌ನಿಂದ ಹೊರಗೆ ಬಂದಿದೆ. ಹೆಡ್‌ಲೈಟ್ ಬಿಚ್ಚಿ ಹಾಕಿದ ಮೇಲೆ ಹೀಗಾಗುವುದು ಜಾಸ್ತಿ. ದಾರಿ ಸರಿಮಾಡದೆ ಅಡ್ಜಸ್ಟ್ ಮಾಡಿದರೆ ಪ್ರಯೋಜನ ಇಲ್ಲ.

ಗಾಡಿ ಏನು ಹೇಳುತ್ತಿದೆ

ಕ್ಲಚ್ ತೊಂದರೆಗಳು ನೂರು ತರಹ ಕಂಡರೂ ಮೂಲದಲ್ಲಿ ಮೂರೇ. ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಪೂರ್ತಿ ಹಿಡಿಯುತ್ತಿಲ್ಲ, ಅಥವಾ ಲಿವರ್ ಗಟ್ಟಿಯಾಗಿದೆ.

ಪೂರ್ತಿ ಬಿಡದಿದ್ದಾಗ ಸಿಗ್ನಲ್‌ನಲ್ಲಿ ಗೊತ್ತಾಗುತ್ತದೆ. ಲಿವರ್ ಪೂರ್ತಿ ಹಿಡಿದು ಫಸ್ಟ್ ಗೇರ್‌ನಲ್ಲಿ ನಿಂತರೂ ಗಾಡಿ ಮುಂದೆ ಮುಂದೆ ತೆವಳುತ್ತದೆ. ನ್ಯೂಟ್ರಲ್ ಸಿಗುವುದೇ ಇಲ್ಲ. ಎಂಜಿನ್ ಆಫ್ ಮಾಡಿದ ತಕ್ಷಣ ಸುಲಭವಾಗಿ ಸಿಗುತ್ತದೆ. ಗೇರ್ ಹಾಕುವಾಗ ಜೋರಾಗಿ 'ಟಕ್' ಅಂತ ಬಡಿಯುತ್ತದೆ. ಇಷ್ಟೆಲ್ಲ ಇದ್ದು, ಅಳೆದಾಗ ಪ್ಲೇ 25-30 ಮಿ.ಮೀ. ಬಂದರೆ, ಆಗ ನಿಜವಾಗಿಯೂ ವೈರ್ ಬಿಗಿ ಮಾಡಬೇಕು. ಖಾತ್ರಿಗೆ ಹೀಗೆ ಮಾಡಿ. ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಇಟ್ಟು, ಫಸ್ಟ್ ಗೇರ್ ಹಾಕಿ. ಲಿವರ್ ಪೂರ್ತಿ ಹಿಡಿದು ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸ್ವಲ್ಪ ಭಾರ ಇದ್ದರೂ ತಿರುಗಬೇಕು. ತಿರುಗುವುದೇ ಇಲ್ಲ ಅಂದರೆ ಕ್ಲಚ್ ಬಿಡುತ್ತಿಲ್ಲ.

ಆದರೆ ಪ್ಲೇ ಸರಿಯಾಗಿಯೇ ಇದ್ದು ಬೆಳಗ್ಗೆ ಮೊದಲ ಸಲ ಗೇರ್ ಹಾಕುವಾಗ ಮಾತ್ರ 'ಟಕ್' ಅಂದರೆ ಚಿಂತೆ ಬೇಡ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಣ್ಣೆ ತಣ್ಣಗಾಗಿ ಪ್ಲೇಟ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಲಿವರ್ ಹಿಡಿದು ಎರಡು ಮೂರು ಕಿಕ್ ಹೊಡೆದು, ಆಮೇಲೆ ಸ್ಟಾರ್ಟ್ ಮಾಡಿದರೆ ಬಿಟ್ಟುಕೊಳ್ಳುತ್ತವೆ. ಸ್ಲೋ ರನ್ನಿಂಗ್ (ಗಾಡಿ ನಿಂತಿರುವಾಗ ಎಂಜಿನ್ ಓಡುವ ವೇಗ) ಜಾಸ್ತಿ ಇಟ್ಟಿದ್ದರೂ ಹೀಗೇ ಬಡಿಯುತ್ತದೆ, ಅದನ್ನೂ ನೋಡಿ. ಚೈನ್ ಜೋತು ಬಿದ್ದಿದ್ದರೆ ಗಾಡಿ ಜಗ್ಗುತ್ತದೆ, ಜನ ಅದನ್ನೂ ಕ್ಲಚ್ ಮೇಲೆ ಹಾಕುತ್ತಾರೆ.

ಪೂರ್ತಿ ಹಿಡಿಯದಿದ್ದಾಗ ಆಗುವುದೇ ನನಗೆ ಆಗುಂಬೆಯಲ್ಲಿ ಆದದ್ದು. ಎಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ. ಪಿಕಪ್ ಇಲ್ಲ, ಮೈಲೇಜ್ ಇಲ್ಲ ಅಂತ ಜನ ಕಾರ್ಬ್ಯುರೇಟರ್ ಬಿಚ್ಚಿಸುತ್ತಾರೆ, ಪ್ಲಗ್ ಬದಲಾಯಿಸುತ್ತಾರೆ. ತೊಂದರೆ ಕ್ಲಚ್‌ನಲ್ಲಿ ಇರುತ್ತದೆ. ಖಾಲಿ ರಸ್ತೆಯಲ್ಲಿ ಟಾಪ್ ಗೇರ್ ಹಾಕಿ 40 ಕಿ.ಮೀ. ವೇಗದಲ್ಲಿ ಹೋಗಿ, ಒಮ್ಮೆಲೇ ಆಕ್ಸಲರೇಟರ್ ತಿರುವಿ. ಎಂಜಿನ್ ಸದ್ದು ಮತ್ತು ವೇಗ ಎರಡೂ ಒಟ್ಟಿಗೆ ಏರಬೇಕು. ಸದ್ದು ಮೊದಲು ಹಾರಿ, ವೇಗ ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಏರು ರಸ್ತೆಯಾದರೆ ಇನ್ನೂ ಬೇಗ ಗೊತ್ತಾಗುತ್ತದೆ.

ಜಾರುತ್ತಿದ್ದರೆ ಪ್ಲೇ ನೋಡಿ. ಪ್ಲೇ ಇಲ್ಲದಿದ್ದರೆ ವೈರ್ ಸಡಿಲ ಮಾಡಿ, ಮತ್ತೆ ಓಡಿಸಿ ನೋಡಿ. ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ಪ್ಲೇಟ್ ಇನ್ನೂ ಸುಟ್ಟಿರುವುದಿಲ್ಲ, ಅಲ್ಲಿಗೆ ಸರಿಹೋಗುತ್ತದೆ. ಪ್ಲೇ ಸರಿಯಾಗಿದ್ದೂ ಜಾರಿದರೆ ವೈರ್ ಮುಟ್ಟಲೇಬೇಡಿ. ಬಿಗಿ ಮಾಡಿದರೆ ಇನ್ನೂ ಜಾರುತ್ತದೆ. ಪ್ಲೇಟ್ ಸವೆದಿರಬೇಕು, ಸ್ಪ್ರಿಂಗ್ ಸೋತಿರಬೇಕು, ಇಲ್ಲ ಎಂಜಿನ್ ಆಯಿಲ್ ತಪ್ಪಿರಬೇಕು.

ಆಯಿಲ್ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಬಹುತೇಕ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುತ್ತವೆ. ಕಾರಿಗೆ ತಯಾರಿಸಿದ ಎಷ್ಟೋ ಆಯಿಲ್‌ಗಳಲ್ಲಿ ಘರ್ಷಣೆ ಕಮ್ಮಿ ಮಾಡುವ ಅಂಶ ಸೇರಿಸಿರುತ್ತಾರೆ. ಕಾರಿಗೆ ಅದು ಒಳ್ಳೆಯದು. ಬೈಕ್‌ನ ಕ್ಲಚ್‌ಗೆ ಘರ್ಷಣೆಯೇ ಜೀವ. ಮನೆಯಲ್ಲಿ ಕಾರಿನದ್ದು ಅರ್ಧ ಲೀಟರ್ ಉಳಿದಿದೆ, ಸುಮ್ನೆ ಯಾಕೆ ಹಾಳು ಮಾಡುವುದು ಅಂತ ಬೈಕ್‌ಗೆ ಸುರಿಯಬೇಡಿ. ಡಬ್ಬಿಯ ಮೇಲೆ ಜಾಸೋ (JASO, ಆಯಿಲ್ ಗುಣಮಟ್ಟದ ಗುರುತು) ಎಂಎ (MA) ಅಥವಾ ಎಂಎ2 (MA2) ಅಂತ ಇದ್ದರೆ ಅದು ಇಂಥ ಕ್ಲಚ್‌ಗೆ ಹೊಂದುವ ಆಯಿಲ್. ಎಂಬಿ (MB) ಅಂತ ಇರುವುದು ಗೇರ್ ಇಲ್ಲದ ಸ್ಕೂಟರ್‌ಗೆ. ಅಂಥ ಸ್ಕೂಟರ್ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದಿಲ್ಲ.

ಅಡ್ಜಸ್ಟ್ ಮಾಡುವುದು

ಪ್ಲೇ ಜಾಸ್ತಿ ಅಥವಾ ಕಮ್ಮಿ ಅಂತ ಖಾತ್ರಿಯಾಯಿತು ಅಂದುಕೊಳ್ಳಿ. ಈಗ ಸ್ಪ್ಯಾನರ್ ತೆಗೆಯಿರಿ. ಸಾಮಾನ್ಯವಾಗಿ 10, 12, 14ರ ಪೈಕಿ ಯಾವುದಾದರೂ ಎರಡು ಬೇಕಾಗುತ್ತವೆ. ಕಟಿಂಗ್ ಪ್ಲಯರ್‌ನಲ್ಲಿ ನಟ್ ತಿರುಗಿಸಬೇಡಿ, ಮೂಲೆ ಸವೆದು ಹೋಗುತ್ತದೆ.

ಅಡ್ಜಸ್ಟರ್ ಎರಡು ಕಡೆ ಇರುತ್ತದೆ. ಒಂದು ಮೇಲೆ, ಲಿವರ್ ಹತ್ತಿರ, ರಬ್ಬರ್ ಟೋಪಿಯ ಕೆಳಗೆ. ಇನ್ನೊಂದು ಕೆಳಗೆ, ಎಂಜಿನ್ ಹತ್ತಿರ, ವೈರ್ ಆ ಚಿಕ್ಕ ತೋಳಿಗೆ ಸೇರುವ ಮುಂಚೆ. ಕೆಲವು ಗಾಡಿಗಳಲ್ಲಿ ಮೇಲಿನದು ಇರುವುದಿಲ್ಲ. ಎರಡೂ ಕಡೆ ತತ್ವ ಒಂದೇ. ವೈರ್‌ಗೆ ಹೊರಗೊಂದು ಕವಚ, ಒಳಗೊಂದು ತಂತಿ. ಅಡ್ಜಸ್ಟರ್ ಹೊರಗೆ ಬಂದಷ್ಟೂ ಕವಚದ ದಾರಿ ಉದ್ದವಾಗುತ್ತದೆ. ತಂತಿಯ ಉದ್ದ ಅಷ್ಟೇ ಇರುವುದರಿಂದ ಅದು ಬಿಗಿಯಾಗುತ್ತದೆ. ಅಡ್ಜಸ್ಟರ್ ಒಳಗೆ ಹೋದರೆ ತಂತಿ ಸಡಿಲ. ಇಷ್ಟು ತಲೆಯಲ್ಲಿದ್ದರೆ ಯಾವ ಗಾಡಿಯಲ್ಲೂ ಯಾವ ಕಡೆ ತಿರುಗಿಸಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಪ್ಲೇ ಅರ್ಧ ಸೆಂಟಿಮೀಟರ್ ಆಚೀಚೆ ಇದ್ದರೆ ಮೇಲಿನದು ಸಾಕು. ರಬ್ಬರ್ ಹಿಂದಕ್ಕೆ ಸರಿಸಿ. ಅಲ್ಲಿ ಒಂದು ಲಾಕ್ ನಟ್ ಇರುತ್ತದೆ, ಅದನ್ನು ಸಡಿಲ ಮಾಡಿ. ಅಡ್ಜಸ್ಟರನ್ನು ಅರ್ಧರ್ಧ ಸುತ್ತು ತಿರುಗಿಸುತ್ತಾ, ಪ್ರತಿ ಸಲ ಬೆರಳಿನಲ್ಲಿ ಪ್ಲೇ ನೋಡಿ. ಸರಿಯಾದ ಕೂಡಲೇ ಲಾಕ್ ನಟ್ ಬಿಗಿಯಿರಿ. ಬಿಗಿದ ಮೇಲೆ ಮತ್ತೊಂದು ಸಲ ಅಳೆಯಿರಿ, ಲಾಕ್ ಬಿಗಿಯುವಾಗಲೇ ಅಡ್ಜಸ್ಟರ್ ಸ್ವಲ್ಪ ತಿರುಗಿಬಿಡುವುದುಂಟು. ಅಡ್ಜಸ್ಟರ್, ಲಾಕ್ ನಟ್ ಮತ್ತು ಹೋಲ್ಡರ್‌ಗಳಲ್ಲಿ ಒಂದೊಂದು ಸೀಳು ಇರುತ್ತದೆ. ವೈರ್ ತೆಗೆಯಲು ಮೂರನ್ನೂ ಒಂದೇ ಸಾಲಿಗೆ ತರುತ್ತೇವೆ. ಕೆಲಸ ಮುಗಿದ ಮೇಲೆ ಅವು ಒಂದೇ ಸಾಲಿನಲ್ಲಿ ನಿಲ್ಲಬಾರದು. ನಿಂತರೆ ವೈರ್ ಜಾರಿ ಹೊರಬರಬಹುದು, ಮಳೆ ನೀರು ಕೂಡ ಅಲ್ಲಿಂದಲೇ ಇಳಿಯುತ್ತದೆ.

ಮೇಲಿನ ಅಡ್ಜಸ್ಟರ್ ಆಗಲೇ ತುಂಬ ಹೊರಗೆ ಬಂದಿದ್ದರೆ ಇನ್ನೂ ಹೊರಗೆ ಎಳೆಯಬೇಡಿ. ತಿರುಪಿನ ನಾಲ್ಕೇ ಸುತ್ತುಗಳ ಹಿಡಿತದಲ್ಲಿ ನಿಂತ ಅಡ್ಜಸ್ಟರ್ ಒಂದು ದಿನ ಮುರಿಯುತ್ತದೆ. ಅದನ್ನು ಪೂರ್ತಿ ಒಳಗೆ ಹಾಕಿ, ಒಂದೆರಡು ಸುತ್ತು ಹೊರಗೆ ತನ್ನಿ. ಈಗ ಕೆಳಗೆ ಹೋಗಿ. ಅಲ್ಲಿ ಬ್ರಾಕೆಟ್‌ನ ಆಚೆ ಒಂದು, ಈಚೆ ಒಂದು ನಟ್ ಇರುತ್ತವೆ. ಒಂದನ್ನು ಸಡಿಲ ಮಾಡಿ, ಇನ್ನೊಂದನ್ನು ತಿರುಗಿಸಿ, ದೊಡ್ಡ ಅಳತೆಯನ್ನು ಇಲ್ಲೇ ಸರಿಮಾಡಿ. ಎಂಜಿನ್ ಬಿಸಿ ಇದ್ದಾಗ ಇಲ್ಲಿ ಕೈ ಹಾಕಬೇಡಿ, ಸೈಲೆನ್ಸರ್ ಹತ್ತಿರವೇ ಇರುವ ಗಾಡಿಗಳಿವೆ. ಎರಡೂ ನಟ್ ಬಿಗಿದ ಮೇಲೆ, ಕೊನೆಯ ಚಿಕ್ಕ ವ್ಯತ್ಯಾಸವನ್ನು ಮೇಲಿನದರಲ್ಲಿ ಮುಗಿಸಿ.

ಹಳೆಯ ಕೆಲವು ಗಾಡಿಗಳಲ್ಲಿ ಇದರ ಜೊತೆಗೆ ಪುಶ್ ರಾಡ್‌ಗೇ ಒಂದು ಸ್ಕ್ರೂ ಇರುತ್ತದೆ. ಮೈಸೂರಿನಲ್ಲಿ 1996ರ ತನಕ ತಯಾರಾದ ಜಾವಾ, ಯೆಜ್ಡಿಗಳ ಕಥೆಯಂತೂ ಪೂರ್ತಿ ಬೇರೆ. ಅವುಗಳಲ್ಲಿ ಗೇರ್ ಲಿವರ್ ಒತ್ತಿದಾಗಲೂ ಕ್ಲಚ್ ತಾನಾಗಿ ಬಿಡುವ ವ್ಯವಸ್ಥೆ ಇತ್ತು. ಕೈ ಮತ್ತು ಕಾಲು ಎರಡಕ್ಕೂ ಹೊಂದುವ ಹಾಗೆ ಅಡ್ಜಸ್ಟ್ ಮಾಡಬೇಕು. ಆ ಗಾಡಿಗಳನ್ನು ಬಲ್ಲವರ ಹತ್ತಿರವೇ ಕಲಿಯಿರಿ.

ಅಡ್ಜಸ್ಟ್ ಆದ ಮೇಲೆ ಡಬಲ್ ಸ್ಟ್ಯಾಂಡ್‌ನಲ್ಲೇ ಸ್ಟಾರ್ಟ್ ಮಾಡಿ ಗೇರ್ ಹಾಕಿ ನೋಡಿ. ಆಮೇಲೆ ನಾಲ್ಕೈದು ಕಿ.ಮೀ. ಓಡಿಸಿ ಬನ್ನಿ. ಎಂಜಿನ್ ಬಿಸಿಯಾದಾಗ ಪ್ಲೇ ಸ್ವಲ್ಪ ಬದಲಾಗಬಹುದು. ಬಿಸಿಯಲ್ಲೂ ಪ್ಲೇ ಪೂರ್ತಿ ಮಾಯವಾಗಬಾರದು, ಅಷ್ಟು ನೋಡಿಕೊಳ್ಳಿ.

ಕೆಳಗಿನ ಅಡ್ಜಸ್ಟರ್ ಬಿಗಿಯುವ ಕಡೆ ಕೊನೆ ಮುಟ್ಟಿಯೂ ಪ್ಲೇ ಜಾಸ್ತಿಯೇ ಇದ್ದರೆ ವೈರ್ ಬದಲಾಯಿಸುವ ಹೊತ್ತು ಬಂದಿದೆ. ಸಡಿಲ ಮಾಡುವ ಕಡೆ ಕೊನೆ ಮುಟ್ಟಿಯೂ ಪ್ಲೇ ಸಿಗದಿದ್ದರೆ ಕ್ಲಚ್ ಬಿಚ್ಚಿ ಪ್ಲೇಟ್ ನೋಡಬೇಕು.

ಲಿವರ್ ಗಟ್ಟಿಯಾದರೆ

ಮಲೆನಾಡು, ಕರಾವಳಿಯವರಿಗೆ ಇದೇ ದೊಡ್ಡ ತೊಂದರೆ. ಜೂನ್‌ನಲ್ಲಿ ಸಲೀಸಾಗಿದ್ದ ಲಿವರ್ ಸೆಪ್ಟೆಂಬರ್ ಹೊತ್ತಿಗೆ ಬೆರಳು ನೋಯಿಸುತ್ತದೆ. ಲಿವರ್ ಬುಡದ ರಬ್ಬರ್ ಹರಿದಿದ್ದರೆ ನೀರು ಕವಚದೊಳಗೆ ಇಳಿಯುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ಬಯಲು ಸೀಮೆಯಲ್ಲಿ ಇದೇ ಕೆಲಸವನ್ನು ಧೂಳು ಮಾಡುತ್ತದೆ.

ಗಟ್ಟಿ ಎಲ್ಲಿದೆ ಅಂತ ಹುಡುಕುವುದು ಸುಲಭ. ವೈರಿನ ಮೇಲಿನ ತುದಿ ಬಿಡಿಸಿ. ಈಗ ಬರೀ ಲಿವರ್ ಅಲ್ಲಾಡಿಸಿ. ಅದೇ ಗಟ್ಟಿ ಇದ್ದರೆ ಲಿವರಿನ ಬೋಲ್ಟ್ ಬಿಚ್ಚಿ, ಒರೆಸಿ, ಸ್ವಲ್ಪ ಗ್ರೀಸ್ ಹಚ್ಚಿ ಹಾಕಿ. ಲಿವರ್ ಸಲೀಸಾಗಿದ್ದರೆ ಕೆಳಗಿನ ತುದಿಯನ್ನೂ ಬಿಡಿಸಿ, ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಎಳೆಯಿರಿ. ಕರಕರ ಅಂದರೆ ತೊಂದರೆ ಅಲ್ಲೇ. ಎರಡೂ ಸಲೀಸಾಗಿದ್ದರೆ ಎಂಜಿನ್ ಮೇಲಿನ ತೋಳು ಸಿಕ್ಕಿಕೊಂಡಿದೆ.

ಎಣ್ಣೆ ಬಿಡುವುದಕ್ಕೆ ಒಂದು ಹಳೆಯ ಉಪಾಯ ಇದೆ. ಚಿಕ್ಕ ಪ್ಲಾಸ್ಟಿಕ್ ಕವರ್‌ನ ಮೂಲೆ ಕತ್ತರಿಸಿ, ಅದರಲ್ಲಿ ಕವಚದ ಮೇಲಿನ ತುದಿ ತೂರಿಸಿ, ದಾರದಿಂದ ಬಿಗಿಯಾಗಿ ಕಟ್ಟಿ. ಆಲಿಕೆ ತರಹ ಆಗುತ್ತದೆ. ಅದರೊಳಗೆ ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಎಣ್ಣೆ ಎರಡು ಚಮಚ ಸುರಿದು, ನೇರ ನಿಲ್ಲಿಸಿ ರಾತ್ರಿ ಬಿಡಿ. ನಡುನಡುವೆ ತಂತಿ ಅಲ್ಲಾಡಿಸಿ. ಬೆಳಗ್ಗೆ ಕೆಳಗಿನ ತುದಿಯಲ್ಲಿ ಕಂದು ಬಣ್ಣದ ಎಣ್ಣೆ ತೊಟ್ಟಿಕ್ಕಿರುತ್ತದೆ. ಆ ಬಣ್ಣ ತುಕ್ಕಿನದು. ಕವಚದೊಳಗೆ ಗ್ರೀಸ್ ತುಂಬಬೇಡಿ, ಅದು ಧೂಳಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ಒಳಗೆ ಪ್ಲಾಸ್ಟಿಕ್ ಪದರ ಇರುವ ಹೊಸ ಬಗೆಯ ವೈರ್ ಆದರೆ ಎಣ್ಣೆ ಬೇಕೋ ಬೇಡವೋ ಅಂತ ಪುಸ್ತಕ ನೋಡಿಯೇ ಮುಂದುವರಿಯಿರಿ.

ಹೀಗೆ ಬಿಡಿಸಿದಾಗ ತಂತಿಯ ಮೇಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಲೇಬೇಕು. ಅಲ್ಲೊಂದು ಗುಂಡು ನಿಪ್ಪಲ್ ಇರುತ್ತದೆ. ವೈರ್ ಕಟ್ ಆಗುವುದು ಸಾಮಾನ್ಯವಾಗಿ ಅದರ ಬುಡದಲ್ಲೇ. ಲಿವರ್ ಎಳೆದಾಗಲೆಲ್ಲ ಅಲ್ಲಿ ತಂತಿ ಬಾಗುತ್ತದೆ. ಒಂದೇ ಒಂದು ಎಳೆ ಕಿತ್ತು ಬಂದಿದ್ದರೂ ವೈರ್ ಬದಲಾಯಿಸಿ. ಎಳೆ ಕೀಳುತ್ತಿರುವ ವೈರ್ ದಿನ ದಿನಕ್ಕೆ ಸಡಿಲವಾಗುತ್ತದೆ, ನಾವು ದಿನ ದಿನವೂ ಬಿಗಿ ಮಾಡುತ್ತೇವೆ. ವಾರದಲ್ಲಿ ಎರಡು ಸಲ ಬಿಗಿ ಮಾಡಬೇಕಾಯಿತು ಅಂದರೆ ಅದು ಹಿಗ್ಗುತ್ತಿಲ್ಲ, ಹರಿಯುತ್ತಿದೆ.

ದಾರಿಯಲ್ಲಿ ಕಟ್ ಆದರೆ

ಗಾಬರಿ ಬೇಡ. ಓಡುತ್ತಿರುವಾಗ ಕಟ್ ಆದರೆ ಎಂಜಿನ್‌ಗೆ ಏನೂ ಆಗುವುದಿಲ್ಲ. ಆಕ್ಸಲರೇಟರ್ ಪೂರ್ತಿ ಬಿಟ್ಟು, ಬ್ರೇಕ್ ಹಿಡಿಯುತ್ತಾ ಬದಿಗೆ ಬನ್ನಿ. ನಿಲ್ಲುವ ಮುಂಚೆ ನ್ಯೂಟ್ರಲ್‌ಗೆ ತರಲು ನೋಡಿ, ಸಿಗದಿದ್ದರೆ ಸ್ವಿಚ್ ಆಫ್ ಮಾಡಿ ನಿಲ್ಲಿಸಿ. ಸಮತಟ್ಟಾದ, ಖಾಲಿ ರಸ್ತೆಯಾದರೆ ಹತ್ತಿರದ ಗ್ಯಾರೇಜ್ ತನಕ ಓಡಿಸಬಹುದು. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಕಾಲಿನಿಂದ ತಳ್ಳುತ್ತಾ ಗಾಡಿ ಸ್ವಲ್ಪ ಓಡತೊಡಗಿದಾಗ ಫಸ್ಟ್ ಗೇರ್ ಒತ್ತಿ. ಜಗ್ಗುತ್ತದೆ, ಹ್ಯಾಂಡಲ್ ಗಟ್ಟಿ ಹಿಡಿದಿರಿ. ಮುಂದಿನ ಗೇರ್‌ಗೆ ಹೋಗುವಾಗ ಆಕ್ಸಲರೇಟರ್ ಒಂದು ಕ್ಷಣ ಬಿಟ್ಟು ಗೇರ್ ಒತ್ತಿದರೆ ಬೀಳುತ್ತದೆ. ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ. ಪೇಟೆಯ ಟ್ರಾಫಿಕ್‌ನಲ್ಲಿ, ಘಾಟಿಯಲ್ಲಿ ಇದನ್ನು ಮಾಡಲೇಬೇಡಿ. ಅಲ್ಲಿ ನಿಲ್ಲಿಸಿ, ಸಹಾಯ ಕೇಳಿ.

ದೂರ ಹೋಗುವವರು ಹೊಸ ವೈರನ್ನು ಹಳೆಯದರ ಪಕ್ಕದಲ್ಲೇ, ಅದೇ ದಾರಿಯಲ್ಲಿ ಟೈ ಹಾಕಿ ಕಟ್ಟಿಟ್ಟುಕೊಳ್ಳುತ್ತಾರೆ. ಎರಡು ತುದಿಗೂ ಪ್ಲಾಸ್ಟಿಕ್ ಸುತ್ತಿರುತ್ತಾರೆ. ಹಳೆಯದು ಕಟ್ ಆದರೆ ಟ್ಯಾಂಕ್ ಬಿಚ್ಚುವ ಗೋಜಿಲ್ಲ, ಎರಡು ತುದಿ ಬದಲಾಯಿಸಿದರೆ ಹತ್ತು ನಿಮಿಷದಲ್ಲಿ ಹೊರಡಬಹುದು. ಆಗುಂಬೆಯ ಆ ದಿನದ ನಂತರ ನಾನೂ ಹೀಗೇ ಕಟ್ಟಿಕೊಂಡು ಓಡಿಸುತ್ತಿದ್ದೇನೆ. ಹೊಸ ವೈರ್ ಮೊದಮೊದಲು ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ಹಾಕಿದ ಮೇಲೆ 200-300 ಕಿ.ಮೀ. ಓಡಿಸಿ ಒಂದು ಸಲ ಪ್ಲೇ ಅಳೆಯಿರಿ. ತಣ್ಣಗಿನ ಎಂಜಿನ್, ನೇರ ಹ್ಯಾಂಡಲ್, ಒಂದು ಬೆರಳು.